ಆಪಾದಿತನ ಪಕ್ಕದಲ್ಲಿ ನಿಂತವರು

(ಅಂಧೇರಿಯಲ್ಲಿ ಸಂಘದ ಸದಸ್ಯ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಉಪನ್ಯಾಸಗಳಲ್ಲಿ ಸಾಹಿತ್ಯ, ಸಂಗೀತ, ಏಕೀಕರಣದ ಇತಿಹಾಸ ಇವುಗಳನ್ನು ಕುರಿತು ಬಲ್ಲವರು ವರ್ಷವರ್ಷವೂ ಮಾತನಾಡುತ್ತ ಬಂದಿದ್ದಾರೆ. ಈ ಸಲ ಕಾರ್ಯದರ್ಶಿಗಳು ನಮ್ಮಂಥ ಬ್ಯಾಂಕಿನ ಗುಮಾಸ್ತರನ್ನು ಹಿಡಿದು ತಂದು ವೇದಿಕೆಯ ಮೇಲೆ ನಿಲ್ಲಿಸಿದ್ದಾರೆ. ನಾವು ಕಲಿತದ್ದು ಬಿ.ಕಾಂ.; ಕಾನೂನೆಂದರೆ ನಮಗೆ ಪರೀಕ್ಷೆಗೆ ಓದಿದ ವಾಣಿಜ್ಯ ಕಾಯಿದೆಯ ಒಂದು ಪುಸ್ತಕ ಮತ್ತು ಹಿಂದಿರುಗಿ ಬಂದ ಚೆಕ್ಕಿನ ಒಂದು ನೋಟೀಸು, ಅಷ್ಟೆ. ಆದರೂ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನಮಗೇ ಬಿಟ್ಟುದರಿಂದ, ಕ್ರಿಮಿನಲ್ ಮೊಕದ್ದಮೆಗಳಲ್ಲಿ ಆಪಾದಿತರ ಪರವಾಗಿ ವಾದಿಸುವ ವಕೀಲರನ್ನು ಕುರಿತು, ಅದರಲ್ಲೂ ಈ ಮುಂಬಯಿಯಲ್ಲಿ ಬೆಳೆದು ದೇಶಕ್ಕೆಲ್ಲ ಹೆಸರಾದ ರಾಮ್ ಜೇಠ್ಮಲಾನಿಯವರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ರಾಜ್ಯೋತ್ಸವದ ಹೊತ್ತಿನಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಿರಬಹುದು. ಈ ಮಾತು ಕೊನೆಗೆ ನಮ್ಮ ಮನೆಗಳ ಬಾಗಿಲಿಗೇ ಬಂದು ಮುಟ್ಟುತ್ತದೆ. ಅಲ್ಲಿಯವರೆಗೆ ತಾಳ್ಮೆಯಿರಲೆಂದು ಬಿನ್ನಹ.

ನಮ್ಮ ಕುಟುಂಬಗಳಲ್ಲಿ ಮಗನೋ ಮಗಳೋ ಡಾಕ್ಟರಾಗುತ್ತೇನೆಂದರೆ ಮನೆಯವರಿಗೆಲ್ಲ ಹಿಗ್ಗು. ಚಾರ್ಟರ್ಡ್ ಅಕೌಂಟೆಂಟ್ ಆಗುತ್ತೇನೆಂದರೆ ಇನ್ನೂ ಹಿಗ್ಗು. ವಕೀಲಿ ಮಾಡುತ್ತೇನೆಂದರೆ ತಂದೆ ಸ್ವಲ್ಪ ಯೋಚಿಸುತ್ತಾರೆ. ಕ್ರಿಮಿನಲ್ ಕಡೆ ಹೋಗುತ್ತೇನೆಂದರೋ, ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಬುದ್ಧಿ ಬರಲಿ ಎಂದು ಬೇಡಿಕೊಳ್ಳುತ್ತಾರೆ! “ಕೊಲೆ ಮಾಡಿದವನನ್ನು ಬಿಡಿಸುವುದೂ ಒಂದು ಕಸಬೇ? ಅಂಥ ಅನ್ನ ಅರಗೀತೇ?” ಎಂಬ ಪ್ರಶ್ನೆಯನ್ನು ನಾವು ಎಷ್ಟೋ ಪಡಸಾಲೆಗಳಲ್ಲಿ ಕೇಳಿದ್ದೇವೆ. ಪ್ರಶ್ನೆ ಸುಳ್ಳಲ್ಲ, ಕೇಳಬೇಕಾದುದೇ. ಆದರೆ ಉತ್ತರವನ್ನು ಹುಡುಕದೆ ಪ್ರಶ್ನೆಯನ್ನೇ ತೀರ್ಪೆಂದು ತಿಳಿಯುವುದು ತರವಲ್ಲ. ಜೇಠ್ಮಲಾನಿಯವರ ಎಪ್ಪತ್ತು ವರ್ಷಗಳಿಗೂ ಮೀರಿದ ವೃತ್ತಿಜೀವನದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಕೇಳದ ವರ್ಷವೇ ಇರಲಿಲ್ಲವೆನ್ನಬಹುದು. ಆದುದರಿಂದ ಉತ್ತರವನ್ನು ಹುಡುಕಲು ಅವರ ಬದುಕೇ ತಕ್ಕ ಜಾಗ.

ಅವರು ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಶಿಕಾರ್‌ಪುರದಲ್ಲಿ, 1923ರ ಸಪ್ಟೆಂಬರ್ 14ರಂದು. ಶಾಲೆಯಲ್ಲಿ ಒಂದೇ ವರ್ಷಕ್ಕೆ ಎರಡು ತರಗತಿ ಹಾರಿದ ಹುಡುಗ. ಹದಿಮೂರಕ್ಕೆ ಮೆಟ್ರಿಕ್, ಹದಿನೇಳಕ್ಕೆ ಕಾನೂನಿನ ಪದವಿ. ವಕೀಲನಾಗಲು ಇಪ್ಪತ್ತೊಂದು ತುಂಬಿರಬೇಕೆಂಬ ನಿಯಮವಿತ್ತು. ಆ ನಿಯಮ ತನಗೆ ಸಲ್ಲದೆಂದು ಹೋರಾಡಿ, ವಿಶೇಷ ಅನುಮತಿಯಿಂದ ಹದಿನೆಂಟಕ್ಕೇ ಸನ್ನದು ಪಡೆದರು. ಹೀಗೆ ಅವರು ನಡೆಸಿದ ಮೊದಲ ವ್ಯಾಜ್ಯ ತಮ್ಮದೇ! ಕರಾಚಿಯಲ್ಲಿ ಎ. ಕೆ. ಬ್ರೋಹಿ ಎಂಬ ಗೆಳೆಯರೊಡನೆ ವಕೀಲಿ ಕಟ್ಟಿದರು. ದೇಶ ಒಡೆಯಿತು. 1948ರಲ್ಲಿ ಕರಾಚಿಯಲ್ಲಿ ಗಲಭೆ ಎದ್ದಾಗ ಬ್ರೋಹಿಯವರ ಸಲಹೆಯಂತೆಯೇ ಮುಂಬಯಿಗೆ ಬಂದುಬಿಟ್ಟರು. ಆ ಬ್ರೋಹಿ ಮುಂದೆ ಪಾಕಿಸ್ತಾನದ ಕಾಯಿದೆ ಮಂತ್ರಿಯಾದರು; ಈ ಜೇಠ್ಮಲಾನಿ ಮುಂದೆ ಹಿಂದುಸ್ಥಾನದ ಕಾಯಿದೆ ಮಂತ್ರಿಯಾದರು. ಒಂದೇ ಕಚೇರಿಯ ಇಬ್ಬರು ಪಾಲುದಾರರು ಎರಡು ದೇಶಗಳ ಕಾಯಿದೆ ಮಂತ್ರಿಗಳಾದುದು ವಿಧಿಯ ಒಂದು ವಿನೋದವೇ ಸರಿ.

ಮುಂಬಯಿಯಲ್ಲಿ ಇಳಿದಾಗ ಅವರ ಸ್ಥಿತಿ ಏನಾಗಿತ್ತು? ಕೈಯಲ್ಲಿ ಹಣವಿಲ್ಲ, ಇರಲು ಮನೆಯಿಲ್ಲ. ನಿರಾಶ್ರಿತರ ಶಿಬಿರದ ವಾಸ. ಟ್ರಂಕು ಹಿಡಿದು ಈ ಊರಿಗೆ ಬಂದಿಳಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮವರು ಹೊಟ್ಟೆಪಾಡಿಗೆ ಬಂದರು, ಬೆನ್ನ ಹಿಂದೆ ಊರು ಇತ್ತು, ವರ್ಷಕ್ಕೊಮ್ಮೆ ತಿರುಗಿ ಹೋಗಬಹುದಾಗಿತ್ತು. ಅವರಿಗೆ ಆ ಊರೂ ಇರಲಿಲ್ಲ. ಆಗ ಮುಂಬಯಿ ಸರಕಾರ ನಿರಾಶ್ರಿತರ ಮೇಲೆ ಕಟ್ಟುಪಾಡುಗಳನ್ನು ಹೇರುವ ಒಂದು ಕಾಯಿದೆಯನ್ನು ತಂದಿತ್ತು. ಮೊರಾರ್ಜಿ ದೇಸಾಯಿಯವರು ಗೃಹಮಂತ್ರಿಗಳು. ಆ ಕಾಯಿದೆಯನ್ನು ಈ ಹೊಸ ನಿರಾಶ್ರಿತನೇ ಹೈಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದನು. ನೆಲೆಯಿಲ್ಲದವನಿಗೆ ಈ ಊರಿನಲ್ಲಿ ಮೊದಲ ನೆಲೆ ಸಿಕ್ಕಿದ್ದು ಕೋರ್ಟಿನ ಮೆಟ್ಟಿಲ ಮೇಲೆ ಎಂಬುದನ್ನು ಗಮನಿಸಬೇಕು. ಮುಂದೆ 1950ರ ದಶಕದಲ್ಲಿ ಇಲ್ಲಿಯ ಸರಕಾರೀ ಲಾ ಕಾಲೇಜಿನಲ್ಲಿ ಪಾಠ ಹೇಳುವ ಮಟ್ಟಿಗೆ ಅವರು ಬೆಳೆದರು.

ಅವರ ಹೆಸರು ಮನೆಮಾತಾದದ್ದು ನಾನಾವತಿ ಮೊಕದ್ದಮೆಯಿಂದ. ನಮ್ಮಲ್ಲಿ ವಯಸ್ಸಾದವರಿಗೆ ಇದು ನೆನಪಿರಬಹುದು. ನೌಕಾದಳದ ಕಮಾಂಡರ್ ಕೆ. ಎಂ. ನಾನಾವತಿ, ತನ್ನ ಪತ್ನಿಯೊಡನೆ ಸಂಬಂಧವಿಟ್ಟುಕೊಂಡಿದ್ದ ಪ್ರೇಮ್ ಆಹುಜಾ ಎಂಬವನನ್ನು 1959ರ ಏಪ್ರಿಲ್ 27ರಂದು ಗುಂಡಿಟ್ಟು ಕೊಂದು, ತಾನೇ ಪೋಲೀಸರಿಗೆ ಶರಣಾದನು. ಊರಿಗೆ ಊರೇ ನಾನಾವತಿಯ ಕಡೆ. ಬಿಳಿ ಸಮವಸ್ತ್ರದ ಅಧಿಕಾರಿಯನ್ನು ನೋಡಲು ಕೋರ್ಟಿನಲ್ಲಿ ಜನಜಾತ್ರೆ, ಆರ್. ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ಪತ್ರಿಕೆಯ ಬೆಂಬಲ. ಆಪಾದಿತನ ಪರವಾಗಿ, ಕಲಾವಿಮರ್ಶಕರೂ ಆಗಿದ್ದ ಪ್ರಸಿದ್ಧ ವಕೀಲ ಕಾರ್ಲ್ ಖಂಡಾಲಾವಾಲಾ. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದರು.

ಈ ಮೊಕದ್ದಮೆಯಲ್ಲಿ ಜೇಠ್ಮಲಾನಿ ನಿಂತದ್ದು ಆಪಾದಿತನ ಕಡೆಯಲ್ಲ, ಸತ್ತವನ ಸೋದರಿಯ ಕಡೆ. ಸತ್ತವನಾದರೋ ಊರಿಗೆ ಬೇಡವಾದವನು. ಅವನ ಪರವಾಗಿ ಒಂದು ಒಳ್ಳೆಯ ಮಾತನ್ನಾಡುವವರಿರಲಿಲ್ಲ. ಸ್ನಾನ ಮುಗಿಸಿ ಟವಲು ಸುತ್ತಿಕೊಂಡು ಬಂದವನೊಡನೆ ಹೊಯ್‌ಕೈಯಾಗಿ ಗುಂಡು ತಾನಾಗಿ ಹಾರಿತೆಂದು ಆಪಾದಿತನ ವಾದ. ಹಾಗಾಗಿದ್ದರೆ, ಮೂರು ಗುಂಡು ಬಿದ್ದು ಕುಸಿದ ಮೈಯ ಮೇಲೆ ಆ ಟವಲು ಜಾರದೆ ನಿಂತದ್ದು ಹೇಗೆ? ಒಂದು ಟವಲಿನ ಪ್ರಶ್ನೆಯ ಮುಂದೆ ಊರಿನ ಕನಿಕರವೆಲ್ಲ ನಿಲ್ಲದೆಹೋಯಿತು. ಜ್ಯೂರಿಯ ಮಾತನ್ನು ಒಪ್ಪದ ಸೆಶನ್ಸ್ ನ್ಯಾಯಾಧೀಶರು ವಿಷಯವನ್ನು ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು 1960ರಲ್ಲಿ ಆಜೀವ ಶಿಕ್ಷೆ ವಿಧಿಸಿತು. ಸುಪ್ರೀಂ ಕೋರ್ಟು 1961ರಲ್ಲಿ ಅದನ್ನು ಎತ್ತಿಹಿಡಿಯಿತು. 1964ರಲ್ಲಿ ರಾಜ್ಯಪಾಲರ ಕ್ಷಮಾದಾನದಿಂದ ನಾನಾವತಿಯ ಬಿಡುಗಡೆಯಾಯಿತು. ಆ ಕ್ಷಮಾದಾನಕ್ಕೆ ಸತ್ತವನ ಸೋದರಿ ಲಿಖಿತ ಒಪ್ಪಿಗೆ ಕೊಟ್ಟಳು. ಆಕೆಯನ್ನು ಒಪ್ಪಿಸುವುದರಲ್ಲಿ ಜೇಠ್ಮಲಾನಿಯವರ ಪಾತ್ರವೂ ಇತ್ತು. ಆಗಿನಿಂದಲೇ ಈ ಮನುಷ್ಯನ ಒಂದು ಗುಣ ಗೊತ್ತಾಗುತ್ತದೆ. ಜನರ ಗುಂಪು ಒಂದು ಕಡೆ ನಿಂತಿದ್ದರೆ, ಇವರನ್ನು ಇನ್ನೊಂದು ಕಡೆ ಹುಡುಕಬೇಕು.

ಅನಂತರ ಬಂದದ್ದು ಕಳ್ಳಸಾಗಣೆಯ ಕಾಲ. ಚಿನ್ನ, ಗಡಿಯಾರ, ಟ್ರಾನ್ಸಿಸ್ಟರುಗಳು ದೋಣಿಗಳಲ್ಲಿ ಬಂದು ಇಳಿಯುತ್ತಿದ್ದ ಕಾಲ. 1960ರ ದಶಕದ ಕೊನೆಯಲ್ಲಿ ಸಾಲಾಗಿ ಕಳ್ಳಸಾಗಣೆಯವರ ಮೊಕದ್ದಮೆಗಳನ್ನು ಹಿಡಿದುದರಿಂದ ಅವರಿಗೆ ‘ಸ್ಮಗ್ಲರುಗಳ ವಕೀಲ’ ಎಂಬ ಬಿರುದು ಅಂಟಿಕೊಂಡಿತು. ತಾನು ಮಾಡುತ್ತಿರುವುದು ವಕೀಲನ ಕರ್ತವ್ಯ ಎಂಬುದೇ ಅವರ ಉತ್ತರವಾಗಿತ್ತು. ಇದು ಜಾರಿಕೊಳ್ಳುವ ಮಾತೆಂದು ತಿಳಿಯಬೇಡಿ. ಆಪಾದಿತನ ತಪ್ಪಿನ ವಿಷಯದಲ್ಲಿ ತನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲನು ಅವನ ರಕ್ಷಣೆಯನ್ನು ವಹಿಸಿಕೊಳ್ಳಬೇಕೆಂದು ಭಾರತದ ಬಾರ್ ಕೌನ್ಸಿಲಿನ ನಿಯಮಗಳಲ್ಲಿಯೇ ಬರೆದಿದೆ.

ನಮ್ಮ ಕಸಬಿನ ಮಾತಿನಲ್ಲಿ ಇದನ್ನು ಹೇಳುವುದಾದರೆ ಹೀಗೆ: ಬ್ಯಾಂಕಿನಲ್ಲಿ ಒಬ್ಬನು ಬರೆದ ವೋಚರಿಗೆ ಇನ್ನೊಬ್ಬನು ತಾಳೆ ನೋಡಿ ಸಹಿ ಮಾಡದೆ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ. ಲೆಡ್ಜರುಗಳು ಹೋಗಿ ಕಂಪ್ಯೂಟರುಗಳು ಬಂದರೂ ಈ ನಿಯಮ ಬದಲಾಗಿಲ್ಲ. ತಾಳೆ ನೋಡುವವನು ಬರೆದವನ ವೈರಿಯಲ್ಲ. ಬರೆದವನು ಪ್ರಾಮಾಣಿಕನೇ ಇರಬಹುದು. ಆದರೂ ಒಂದು ಸೊನ್ನೆ ಹೆಚ್ಚಾಗಿ ಬಿದ್ದೀತು. ಒಬ್ಬ ಮನುಷ್ಯನ ಹತ್ತು ವರ್ಷಗಳನ್ನು, ಕೆಲವು ಸಲ ಪ್ರಾಣವನ್ನೇ, ಖರ್ಚು ಬರೆಯುವ ಸರಕಾರದ ವೋಚರಿಗೆ ತಾಳೆ ನೋಡುವವರು ಬೇಡವೇ? ಆಪಾದಿತನ ವಕೀಲನ ಕೆಲಸ ಇಷ್ಟೇ. ತೀರ್ಪು ಕೊಡುವವನು ಅವನಲ್ಲ. “ಈ ಅಂಕಿ ಎಲ್ಲಿಂದ ಬಂತು, ತೋರಿಸಿ” ಎಂದು ಕೇಳುವವನು ಮಾತ್ರ.

1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಈ ತಾಳೆ ನೋಡುವ ಕೆಲಸವೇ ಅಪಾಯಕ್ಕೆ ಗುರಿಯಾಯಿತು. ಆಗ ಜೇಠ್ಮಲಾನಿಯವರು ಬಾರ್ ಕೌನ್ಸಿಲಿನ ಅಧ್ಯಕ್ಷರು. ಪ್ರಧಾನಿಯವರನ್ನು ಬಹಿರಂಗವಾಗಿ ಟೀಕಿಸಿದ್ದಕ್ಕಾಗಿ ಕೇರಳದಿಂದ ಅವರ ಮೇಲೆ ವಾರಂಟು ಹೊರಟಿತು. ಮುಂಬಯಿಯ ಹೈಕೋರ್ಟಿನಲ್ಲಿ ನಾನೀ ಪಾಲ್ಖೀವಾಲಾ ಅವರ ಮುಂದಾಳುತನದಲ್ಲಿ ಮುನ್ನೂರಕ್ಕೂ ಹೆಚ್ಚು ವಕೀಲರು ಅವರ ಪರವಾಗಿ ಹಾಜರಾದರು. ವಾರಂಟಿಗೆ ತಡೆ ಸಿಕ್ಕಿತು. ಇಷ್ಟು ದಿನ ಇತರರ ಪಕ್ಕದಲ್ಲಿ ನಿಂತವನಿಗೆ ಈಗ ತನ್ನ ಪಕ್ಕದಲ್ಲಿ ನಿಲ್ಲುವವರು ಬೇಕಾದರು, ಬಂದು ನಿಂತರು. ಆದರೆ 1976ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ತುರ್ತುಪರಿಸ್ಥಿತಿಯಲ್ಲಿ ಸ್ಥಾನಬದ್ಧನಾದವನು ಬಿಡುಗಡೆಗಾಗಿ ಕೋರ್ಟಿಗೆ ಬರುವಂತಿಲ್ಲ ಎಂದು ತೀರ್ಪಿತ್ತಿತು. ಆ ತೀರ್ಪಿನ ಮುಂದೆ ಮುನ್ನೂರು ವಕೀಲರೂ ನಿರುಪಾಯರು. ಜೇಠ್ಮಲಾನಿ ವಿದೇಶಕ್ಕೆ ಹೋಗಿ ಅಲ್ಲಿಂದಲೇ ಹೋರಾಟ ನಡೆಸಿದರು.

1977ರ ಚುನಾವಣೆಯಲ್ಲಿ ಅವರು ನಿಂತ ಕ್ಷೇತ್ರ ವಾಯವ್ಯ ಮುಂಬಯಿ. ಇಂದು ನಮ್ಮ ಅಂಧೇರಿ ಸೇರಿರುವುದೂ ಇದೇ ಹೆಸರಿನ ಕ್ಷೇತ್ರಕ್ಕೆ. ಎದುರಾಳಿಯಾದರೋ ಅಂದಿನ ಕಾಯಿದೆ ಮಂತ್ರಿ ಎಚ್. ಆರ್. ಗೋಖಲೆಯವರು. ಉಪನಗರಗಳ ಮತದಾರರು ಕಾಯಿದೆ ಮಂತ್ರಿಯನ್ನು ಮನೆಗೆ ಕಳುಹಿಸಿ, ವಾರಂಟಿನಿಂದ ತಪ್ಪಿಸಿಕೊಂಡು ಹೋಗಿದ್ದ ವಕೀಲನನ್ನು ದಿಲ್ಲಿಗೆ ಕಳುಹಿಸಿದರು. ಜಮಾಖರ್ಚಿನವರು ಎರಡೂ ಕಡೆ ಬರೆಯಬೇಕಲ್ಲ? ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ 39ಎ ವಿಧಿ ಸಂವಿಧಾನದೊಳಕ್ಕೆ ಬಂದದ್ದು ಇದೇ ಗೋಖಲೆಯವರ ಕಾಲದ, 1976ರ ನಲವತ್ತೆರಡನೆಯ ತಿದ್ದುಪಡಿಯಿಂದ. ಅದು ಅವರ ಜಮಾ. ಜೇಠ್ಮಲಾನಿ 1980ರಲ್ಲಿಯೂ ಇಲ್ಲಿಂದಲೇ ಗೆದ್ದರು. 1984ರ ಚುನಾವಣೆಯಲ್ಲಿ ಸುನೀಲ್ ದತ್ತರಿಗೆ ಸೋತರು. ಅನಂತರ 1988ರಲ್ಲಿ ಅವರನ್ನು ರಾಜ್ಯಸಭೆಗೆ ಕಳುಹಿಸಿದ್ದು ಯಾವ ರಾಜ್ಯ, ಬಲ್ಲಿರಾ? ನಮ್ಮ ಕರ್ನಾಟಕ!

ಈಗ ಕಷ್ಟದ ಪುಟಕ್ಕೆ ಬರೋಣ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಕಾವಲಿನವರೇ ಕೊಂದರು. ಆ ದಿನಗಳಲ್ಲಿ ಆಪಾದಿತರ ಪರವಾಗಿ ವಾದಿಸುವುದೆಂದರೆ ಬೆಂಕಿಗೆ ಕೈಯಿಡುವ ಮಾತು. ಗುಂಡು ಹೊಡೆದನೆಂಬ ಸತ್ವಂತ್ ಸಿಂಗನಲ್ಲದೆ, ಒಳಸಂಚಿನಲ್ಲಿದ್ದರೆಂದು ಕೇಹರ್ ಸಿಂಗ್ ಮತ್ತು ದಿಲ್ಲಿ ಪೋಲೀಸಿನ ಬಲಬೀರ್ ಸಿಂಗ್ ಇವರಿಗೂ ಕೆಳಗಿನ ಕೋರ್ಟು ಮರಣದಂಡನೆ ವಿಧಿಸಿತು, ಹೈಕೋರ್ಟು ಒಪ್ಪಿತು. ಸುಪ್ರೀಂ ಕೋರ್ಟಿನಲ್ಲಿ ಕೇಹರ್ ಸಿಂಗ್, ಬಲಬೀರ್ ಸಿಂಗರ ಪರವಾಗಿ ಜೇಠ್ಮಲಾನಿ ನಿಂತರು. 1988ರ ಆಗಸ್ಟ್ 3ರಂದು ತೀರ್ಪು ಬಂದಿತು. ಕೇಹರ್ ಸಿಂಗನ ಶಿಕ್ಷೆ ಉಳಿಯಿತು. 1989ರ ಜನವರಿ 6ರಂದು ಸತ್ವಂತನೊಡನೆ ಆತನನ್ನೂ ಗಲ್ಲಿಗೇರಿಸಿದರು. ಆದರೆ ಬಲಬೀರ್ ಸಿಂಗನ ಮೇಲಿನ ಆರೋಪಕ್ಕೆ ಸಾಕ್ಷ್ಯವಿಲ್ಲವೆಂದು ಕೋರ್ಟು ಆತನನ್ನು ಬಿಡುಗಡೆ ಮಾಡಿತು. ಎರಡು ಕೋರ್ಟುಗಳು ಕೊರಳಿಗೆ ಹಗ್ಗ ಹಾಕಿದ್ದ ಮನುಷ್ಯ ಮನೆಗೆ ಹೋದನು. ದೇಶದ ಕೋಪಕ್ಕೆ ಅಂಜಿ ವಕೀಲರೆಲ್ಲ ಬಾಗಿಲು ಹಾಕಿಕೊಂಡಿದ್ದರೆ ಆ ಹಗ್ಗವನ್ನು ಬಿಚ್ಚುವವರು ಯಾರು?

ಇನ್ನೊಂದು ಮೊಕದ್ದಮೆ ನಮ್ಮಂಥ ಭಾಷಾಸಂಘದವರು ವಿಶೇಷವಾಗಿ ಗಮನಿಸತಕ್ಕದ್ದು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಸಂಚಿನಲ್ಲಿದ್ದರೆಂದು ದಿಲ್ಲಿಯ ಕಾಲೇಜಿನಲ್ಲಿ ಅರಬ್ಬೀ ಕಲಿಸುತ್ತಿದ್ದ ಎಸ್. ಎ. ಆರ್. ಗಿಲಾನಿ ಎಂಬವರನ್ನು ಹಿಡಿದರು. 2002ರಲ್ಲಿ ಮರಣದಂಡನೆಯೂ ಆಯಿತು. ಮುಖ್ಯ ಸಾಕ್ಷ್ಯಗಳಲ್ಲಿ ಒಂದು, ಅವರು ತಮ್ಮ ಸೋದರನೊಡನೆ ಕಾಶ್ಮೀರಿ ಭಾಷೆಯಲ್ಲಿ ಟೆಲಿಫೋನಿನಲ್ಲಿ ಆಡಿದ 2 ನಿಮಿಷ 16 ಸೆಕೆಂಡುಗಳ ಮಾತು. ಪೋಲೀಸರು ಮಾಡಿಸಿದ ಅನುವಾದದಲ್ಲಿ ಆ ಮಾತು ದಾಳಿಯನ್ನು ಮೆಚ್ಚಿದಂತಿತ್ತು. ಆಪಾದಿತನ ಕಡೆಯ ಕಾಶ್ಮೀರಿ ಬಲ್ಲವರು ಹಾಗಲ್ಲವೆಂದರು. ಒಬ್ಬ ಮನುಷ್ಯನ ಪ್ರಾಣ ಒಂದು ಅನುವಾದದ ಮೇಲೆ ತೂಗುತ್ತಿತ್ತು! ಹೈಕೋರ್ಟಿನಲ್ಲಿ ಅವರ ಪರವಾಗಿ ಜೇಠ್ಮಲಾನಿ ವಾದಿಸಿದರು. 2003ರಲ್ಲಿ ಹೈಕೋರ್ಟು ಗಿಲಾನಿಯವರನ್ನು ಬಿಡುಗಡೆ ಮಾಡಿತು; 2005ರಲ್ಲಿ ಸುಪ್ರೀಂ ಕೋರ್ಟು, ಅವರ ನಡತೆಯ ಮೇಲೆ ಸಂಶಯ ವ್ಯಕ್ತಪಡಿಸಿಯೂ, ಸಂಶಯವು ಸಾಕ್ಷ್ಯದ ಸ್ಥಾನವನ್ನು ಪಡೆಯಲಾರದೆಂದು ಬಿಡುಗಡೆಯನ್ನೇ ಎತ್ತಿಹಿಡಿಯಿತು.

ಎಲ್ಲ ಮೊಕದ್ದಮೆಗಳೂ ಇಂಥವೇ ಎಂದು ಹೇಳಿದರೆ ನಾವು ಸುಳ್ಳು ಲೆಕ್ಕ ತೋರಿಸಿದಂತಾದೀತು. ಷೇರುಪೇಟೆಯ ಹರ್ಷದ್ ಮೆಹತಾನ ಪರವಾಗಿಯೂ ಅವರು ನಿಂತರು. ಆ ಹಗರಣದ ದಿನಗಳನ್ನು ನಮ್ಮ ಬ್ಯಾಂಕಿನ ಹಿರಿಯರು ಈಗಲೂ ತಲೆ ಚಚ್ಚಿಕೊಂಡು ನೆನೆಯುತ್ತಾರೆ. ದಿಲ್ಲಿಯಲ್ಲಿ 1999ರಲ್ಲಿ ಕೊಲೆಯಾದ ಜೆಸ್ಸಿಕಾ ಲಾಲ್ ಎಂಬ ತರುಣಿಯ ಮೊಕದ್ದಮೆಯಲ್ಲಿ, ರಾಜಕಾರಣಿಯ ಮಗ ಮನು ಶರ್ಮನ ಪರವಾಗಿ ಹೈಕೋರ್ಟಿಗೆ ಹೋದಾಗ ಜನ ಉರಿದೆದ್ದರು. ಕೆಳಗಿನ ಕೋರ್ಟು ಬಿಟ್ಟಿದ್ದ ಆಪಾದಿತನಿಗೆ 2006ರ ಡಿಸೆಂಬರಿನಲ್ಲಿ ಹೈಕೋರ್ಟು ಶಿಕ್ಷೆ ವಿಧಿಸಿತು, ಜೇಠ್ಮಲಾನಿ ಸೋತರು. 2014ರಲ್ಲಿ ಜಯಲಲಿತಾ ಅವರ ಜಾಮೀನಿಗಾಗಿ ಬೆಂಗಳೂರಿಗೆ ಬಂದು ನಮ್ಮ ಹೈಕೋರ್ಟಿನಲ್ಲಿ ವಾದಿಸಿದರು, ಅಲ್ಲಿಯೂ ಸಿಗಲಿಲ್ಲ. ಇದರಿಂದ ತಿಳಿಯುವುದೇನು? ವಕೀಲ ಎಷ್ಟೇ ದೊಡ್ಡವನಾಗಲಿ, ನ್ಯಾಯಾಧೀಶರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದರೆ, ಸಾಕ್ಷ್ಯವನ್ನು ನುಂಗಿಹಾಕಲಾರನು. ಒಳ್ಳೆಯ ವಕೀಲನನ್ನು ಎದುರಿಸಿ ನಿಂತ ಶಿಕ್ಷೆಯೇ ಗಟ್ಟಿಯಾದ ಶಿಕ್ಷೆ.

ಫೀಜಿನ ಮಾತನ್ನೂ ಮುಚ್ಚಿಡಬಾರದು. ಅವರ ಫೀಜು ಲಕ್ಷಗಳಲ್ಲಿ. ಬಹಳ ಮೊಕದ್ದಮೆಗಳನ್ನು ಹಣ ಪಡೆಯದೆ ನಡೆಸುತ್ತೇನೆಂದು ಅವರು ಹೇಳಿಕೊಳ್ಳುತ್ತಿದ್ದುದೂ ಉಂಟು. ಆದರೆ ಲಕ್ಷ ಕೊಡಬಲ್ಲವನಿಗೆ ಸಿಗುವ ವಕೀಲ ಮತ್ತು ಕೊಡಲಾರದವನಿಗೆ ಸಿಗುವ ವಕೀಲ ಬೇರೆ ಬೇರೆ ಎಂಬ ಕೊರತೆ ನಮ್ಮ ವ್ಯವಸ್ಥೆಯಲ್ಲಿ ಇದ್ದೇ ಇದೆ. 2017ರಲ್ಲಿ ವೃತ್ತಿಯಿಂದ ನಿವೃತ್ತರಾಗಿ, 2019ರ ಸಪ್ಟೆಂಬರ್ 8ರಂದು, ತೊಂಬತ್ತಾರು ತುಂಬಲು ಆರು ದಿನಗಳಿರುವಾಗ, ಜೇಠ್ಮಲಾನಿಯವರು ದಿಲ್ಲಿಯಲ್ಲಿ ತೀರಿಕೊಂಡರು. ಆ ಕೊರತೆ ಅವರೊಡನೆ ಹೋಗಲಿಲ್ಲ.

ಅದಕ್ಕಾಗಿಯೇ ಇದೇ ಊರಿನ ಇನ್ನೊಬ್ಬ ವಕೀಲರನ್ನು ಇಲ್ಲಿ ನೆನೆಯಬೇಕು. ಕುರ್ಲಾದಲ್ಲಿ ಕಚೇರಿಯಿಟ್ಟಿದ್ದ ಶಾಹಿದ್ ಆಜ್ಮಿ. ಅವರು ಮೊದಲು ತಾವೇ ಜೈಲಿನಲ್ಲಿದ್ದವರು; ಹೊರಗೆ ಬಂದು ಕಾನೂನು ಓದಿ, ವಕೀಲರಿಲ್ಲದ ಬಡ ಆಪಾದಿತರ ಪರವಾಗಿ ನಿಂತರು. 2008ರ ನವೆಂಬರ್ 26ರ ದಾಳಿಯನ್ನು ಈ ಊರಿನಲ್ಲಿರುವ ನಾವು ಯಾರೂ ಮರೆಯಲಾರೆವು. ಆ ಮೊಕದ್ದಮೆಯಲ್ಲಿ ಕಸಬ್‌ನೊಡನೆ ಫಹೀಮ್ ಅನ್ಸಾರಿ, ಸಬಾವುದ್ದೀನ್ ಅಹ್ಮದ್ ಎಂಬ ಇಬ್ಬರು ಭಾರತೀಯರೂ ಆಪಾದಿತರಾಗಿದ್ದರು. ಫಹೀಮನ ವಕೀಲ ಆಜ್ಮಿ. ದಾಳಿಕಾರನ ಹೆಣದ ಜೇಬಿನಲ್ಲಿ ಸಿಕ್ಕಿತೆನ್ನಲಾದ ನಕ್ಷೆಯ ಕಾಗದ ರಕ್ತವಂಟದೆ, ಮುದುಡದೆ ಇದ್ದುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆ. 2010ರ ಫೆಬ್ರವರಿ 11ರಂದು ಆಜ್ಮಿಯವರನ್ನು ಅವರ ಕಚೇರಿಯಲ್ಲಿಯೇ ಗುಂಡಿಟ್ಟು ಕೊಂದರು. ಆಗ ಅವರಿಗೆ 32 ವರ್ಷ. ಅದೇ ವರ್ಷದ ಮೇ ತಿಂಗಳಲ್ಲಿ ಕೋರ್ಟು ಕಸಬ್‌ನನ್ನು ತಪ್ಪಿತಸ್ಥನೆಂದು ಸಾರಿ, ಆ ಇಬ್ಬರನ್ನು ಬಿಡುಗಡೆ ಮಾಡಿತು; 2012ರಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ಎತ್ತಿಹಿಡಿಯಿತು. ತಪ್ಪಿತಸ್ಥನಿಗೆ ಶಿಕ್ಷೆ, ಸಾಕ್ಷ್ಯವಿಲ್ಲದವರಿಗೆ ಬಿಡುಗಡೆ. ಒಂದೇ ತೀರ್ಪಿನಲ್ಲಿ ಎರಡೂ. ಇದಕ್ಕಿಂತ ದೊಡ್ಡ ಗೌರವವನ್ನು ನಮ್ಮ ಊರಿನ ಸತ್ತವರಿಗೆ ಸಲ್ಲಿಸುವುದು ಹೇಗೆ?

ಇಂಥ ವಿವೇಕ ನಮ್ಮ ಕನ್ನಡ ನಾಡಿನಲ್ಲಿ ಯಾವಾಗಲೂ ಉಳಿದಿದೆಯೆಂದು ಹೇಳಲು ನಾಲಿಗೆ ಏಳುವುದಿಲ್ಲ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳು ರಾಜದ್ರೋಹದ ಆಪಾದನೆಯ ಮೇಲೆ ಬಂಧಿತರಾದಾಗ, ಅವರ ಪರವಾಗಿ ಯಾರೂ ವಕಾಲತ್ತು ವಹಿಸಬಾರದೆಂದು ಅಲ್ಲಿಯ ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿತ್ತು. ನಮ್ಮ ಹೈಕೋರ್ಟು ಆ ನಿರ್ಣಯವನ್ನು ಕಟುವಾಗಿ ಆಕ್ಷೇಪಿಸಿತು; ಬೆಂಗಳೂರಿನಿಂದ ಕೆಲವರು ವಕೀಲರು ಪೋಲೀಸು ರಕ್ಷಣೆಯಲ್ಲಿ ಧಾರವಾಡದ ಕೋರ್ಟಿಗೆ ಹೋಗಬೇಕಾಯಿತು. ಆ ಹುಡುಗರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದು ಇಲ್ಲಿಯ ಮಾತಲ್ಲ. ಪರವೂರಿಗೆ ಕಲಿಯಲು ಬಂದ ಹುಡುಗರಿಗೆ, ಭಾಷೆ ಬಾರದ ಊರಿನಲ್ಲಿ, ವಕೀಲರಾರೂ ಇಲ್ಲವೆಂದರೆ ಹೇಗೆ? ನಾವೂ ಪರವೂರಿನಲ್ಲಿರುವವರೇ ಅಲ್ಲವೇ?

ಈಗ ಮನೆಯ ಬಾಗಿಲಿಗೆ ಬಂದೆವು. ಕೆಲವು ವರ್ಷಗಳ ಹಿಂದೆ, ಇಲ್ಲಿಯೇ ಅಂಧೇರಿಯ ಒಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಕುಂದಾಪುರ ಕಡೆಯ ಮಾಣಿಯೊಬ್ಬನನ್ನು ಗಲ್ಲೆಯ ಹಣ ಕಾಣೆಯಾಯಿತೆಂದು ಪೋಲೀಸರು ಹಿಡಿದರು. ಹತ್ತೊಂಬತ್ತು ತುಂಬಿದ ಹುಡುಗ. ಅವನಿಗೆ ಬರುತ್ತಿದ್ದುದು ಊರಿನ ಕನ್ನಡ, ಮತ್ತು ಗಿರಾಕಿಗಳೊಡನೆ ಆಡುವಷ್ಟು ಹಿಂದಿ. ಕಾಗದಗಳೆಲ್ಲ ಮರಾಠಿಯಲ್ಲಿದ್ದವು. ಹೇಳಿದ ಕಡೆಯೆಲ್ಲ ಸಹಿ ಮಾಡಿದ್ದ. ಏನು ಬರೆದಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಸಂಘದ ಹಿರಿಯರೊಬ್ಬರೊಡನೆ ನಾವು ಹೋಗಿ ನೋಡಿದಾಗ ಅವನು ಜಾಮೀನಿನ ಮಾತೆತ್ತಲಿಲ್ಲ, ವಕೀಲರ ಮಾತೆತ್ತಲಿಲ್ಲ. “ಅಣ್ಣಾ, ಊರಿಗೆ ಮಾತ್ರ ಹೇಳ್ಬೇಡಿ” ಎಂದನು, ಅಷ್ಟೆ.

ಆ ಸಂಜೆ ನಮ್ಮಲ್ಲಿ ಎರಡು ಅಭಿಪ್ರಾಯಗಳಾದವು. ಕಳ್ಳನ ಬೆನ್ನಿಗೆ ನಿಂತರೆ ಸಂಘಕ್ಕೆ ಕೆಟ್ಟ ಹೆಸರೆಂದು ಕೆಲವರು. ಕಳ್ಳನೆಂದು ಹೇಳಿದವರು ಯಾರೆಂದು ಕೆಲವರು. ಎರಡು ಪಕ್ಷದವರೂ ಸಂಘದ ಹಿತವನ್ನೇ ಬಯಸಿದವರು. ಯಾರನ್ನೂ ನಾವು ಹಳಿಯುವುದಿಲ್ಲ. ಸದಸ್ಯರೊಬ್ಬರ ಮಗಳು, ಆಗತಾನೆ ಸನ್ನದು ಪಡೆದವಳು, ಮಾತು ಮುಗಿಯುವುದನ್ನು ಕಾಯದೆ ಮರುದಿನ ಅಂಧೇರಿಯ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗಿ ನಿಂತಳು. ಜಾಮೀನು ಸಿಕ್ಕಿತು. ಆದರೆ ಹೊಣೆಗೆ ನಿಲ್ಲುವವರು ಬೇಕಲ್ಲ? ಈ ಊರಿನಲ್ಲಿ ವಿಳಾಸವುಳ್ಳವರು, ಕಾಗದಪತ್ರವುಳ್ಳವರು? ಜಾಮೀನಿನ ಆಜ್ಞೆಯಾಗಿಯೂ ಮೂರು ದಿನ ಹುಡುಗ ಒಳಗೇ ಇದ್ದನು. ನಾಲ್ಕನೆಯ ದಿನ, ಮೆಸ್ ನಡೆಸುತ್ತಿದ್ದ ನಮ್ಮ ಅಜ್ಜಿಯೊಬ್ಬರು ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ಬಂದು ಹೊಣೆಗೆ ನಿಂತರು. ಒಂದೂವರೆ ವರ್ಷದ ಮೇಲೆ, ಸಾಕ್ಷ್ಯ ಸಾಲದೆಂದು ಅವನ ಬಿಡುಗಡೆಯಾಯಿತು. ಹಣವನ್ನು ತೆಗೆದವರು ಯಾರೆಂಬುದು ಇಂದಿಗೂ ನಮಗೆ ತಿಳಿಯದು. ಹುಡುಗ ಈಗ ಬೇರೆ ಊರಿನಲ್ಲಿ ದುಡಿಯುತ್ತಿದ್ದಾನೆ. ಊರಿಗೆ ಹಣ ಕಳುಹಿಸುತ್ತಿದ್ದಾನೆ.

ಜೇಠ್ಮಲಾನಿಗೂ ಈ ಮಾಣಿಗೂ ಏನು ಸಂಬಂಧವೆಂದು ಕೇಳುವಿರಾ? ಸಂಬಂಧವುಂಟು. ಸಂಶಯ ಬೇರೆ, ಸಾಕ್ಷ್ಯ ಬೇರೆ ಎಂಬ ನಿಯಮ, ದೇಶವೆಲ್ಲ ದ್ವೇಷಿಸಿದ ಆಪಾದಿತರ ಮೊಕದ್ದಮೆಗಳಲ್ಲಿಯೂ ಮುರಿಯದೆ ನಿಂತದ್ದರಿಂದಲೇ, ಯಾರೂ ಹೆಸರು ಕೇಳದ ಹುಡುಗನಿಗೆ ಒದಗಿತು. ದೊಡ್ಡವರ ಮೊಕದ್ದಮೆಗಳಲ್ಲಿ ಕಟ್ಟಿದ ಛಾವಣಿಯ ಕೆಳಗೆ ಸಣ್ಣವರು ಮಳೆಗೆ ನಿಲ್ಲುತ್ತಾರೆ. ಇನ್ನೊಂದು ಉದಾಹರಣೆ ಇದೇ ಊರಿನದು. 2024ರ ಜುಲೈಯಲ್ಲಿ ವರ್ಳಿಯಲ್ಲಿ ಐಷಾರಾಮಿ ಮೋಟಾರೊಂದು ಬಡ ಹೆಂಗಸೊಬ್ಬಳನ್ನು ಕೊಂದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ನವೆಂಬರಿನಲ್ಲಿ ಕೋರ್ಟು ಹೇಳಿತು: ಯಾರನ್ನೇ ಬಂಧಿಸಲಿ, ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅವನಿಗೆ ತಿಳಿಯುವ ಭಾಷೆಯಲ್ಲಿ! ವಾದಿಸಿದ್ದು ಸಿರಿವಂತನ ವಕೀಲರು. ಫಲ ಮರಾಠಿ ಬಾರದ ನಮ್ಮ ಮಾಣಿಗೂ ಬಂದಿತು. ರಾಜ್ಯೋತ್ಸವದ ದಿನ ಕನ್ನಡದ ಹಿರಿಮೆಯನ್ನು ಹಾಡುವ ನಾವು, ಪೋಲೀಸು ಠಾಣೆಯಲ್ಲಿಯೂ ಕನ್ನಡಕ್ಕೆ ಇಂಥ ಒಂದು ಹಕ್ಕಿದೆಯೆಂಬುದನ್ನು ತಿಳಿದಿರಬೇಡವೇ?

ಆದುದರಿಂದ ಸಂಘದ ಮುಂದೆ ನಮ್ಮ ಬೇಡಿಕೆಗಳು ನಾಲ್ಕು, ಖರ್ಚು ಹೆಚ್ಚಿನದಲ್ಲ. ಒಂದು, ನಮ್ಮಲ್ಲಿರುವ ವಕೀಲರ ಹೆಸರುಗಳ ಪಟ್ಟಿ ಸಂಘದ ಕಚೇರಿಯಲ್ಲಿರಲಿ. ಸರಕಾರದ ಉಚಿತ ಕಾನೂನು ನೆರವಿನ 15100 ಎಂಬ ಟೆಲಿಫೋನ್ ಸಂಖ್ಯೆಯನ್ನು ಅದರ ಮೇಲೆ ದೊಡ್ಡದಾಗಿ ಬರೆದಿಡಲಿ. ಬಂಧನದಲ್ಲಿರುವವನಿಗೆ ಆದಾಯ ನೋಡದೆ ಈ ನೆರವು ಸಿಗಬೇಕೆಂದು 1987ರ ಕಾಯಿದೆಯೇ ಹೇಳುತ್ತದೆ. ಎರಡು, ಮರಾಠಿ ಮತ್ತು ಕನ್ನಡ ಎರಡನ್ನೂ ಚೆನ್ನಾಗಿ ಬಲ್ಲ ನಮ್ಮ ತರುಣ ತರುಣಿಯರು ಕಾಗದ ಓದಿ ಹೇಳಲು ಹೆಸರು ಕೊಡಲಿ. ಮೂರು, ಹೊಣೆಗೆ ನಿಲ್ಲಬಲ್ಲ ಹತ್ತು ಮನೆಗಳು ಮುಂದೆ ಬರಲಿ. ಆ ಅಜ್ಜಿಯೊಬ್ಬರ ಮೇಲೆಯೇ ಭಾರ ಬೇಡ. ನಾಲ್ಕನೆಯದು, ಕಾಸಿನ ಖರ್ಚಿಲ್ಲದ್ದು, ಆದರೆ ಎಲ್ಲಕ್ಕಿಂತ ಕಷ್ಟದ್ದು: ಕೋರ್ಟು ಹೇಳುವವರೆಗೆ ನಾವು ಯಾರನ್ನೂ ಕಳ್ಳನೆಂದು ಕರೆಯದಿರೋಣ.

ಬಂಧಿಸಿದವನನ್ನು ಇಪ್ಪತ್ತನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅವನಿಗೆ ತನ್ನ ಇಚ್ಛೆಯ ವಕೀಲನನ್ನು ಕಾಣುವ ಹಕ್ಕಿದೆ ಎಂದು ನಮ್ಮ ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಆ ಅಕ್ಷರಗಳಿಗೆ ಜೀವ ಬರಬೇಕಾದರೆ, ಯಾರೋ ಒಬ್ಬರು ಎದ್ದು ಹೋಗಿ ಆಪಾದಿತನ ಪಕ್ಕದಲ್ಲಿ ನಿಲ್ಲಬೇಕು. ನಮ್ಮ ಮಕ್ಕಳಲ್ಲಿ ಒಬ್ಬರು ನಾಳೆ ಆ ಕಸಬನ್ನು ಹಿಡಿಯುತ್ತೇವೆಂದರೆ, ತಡೆಯದೆ ಹರಸಿ ಕಳುಹಿಸೋಣ.